ಆಯುಧಪೂಜೆಯ ದಿನ ಯಂತ್ರಕ್ಕೆ ಸ್ನಾನ

ಮೊನ್ನೆ ಸಾರಿನ ಒಗ್ಗರಣೆಗೆ ಜೀರಿಗೆ ಹುಡುಕುತ್ತಿದ್ದೆ. ಜೀರಿಗೆ ಎಂದು ನನ್ನದೇ ಕೈಬರಹದಲ್ಲಿ ಚೀಟಿ ಅಂಟಿಸಿದ ಡಬ್ಬಿ ತೆಗೆದರೆ ಅದರಲ್ಲಿ ಕಡಲೆಬೇಳೆ. ಕಡಲೆಬೇಳೆಯ ಡಬ್ಬಿಯಲ್ಲಿ ಗುಂಡುಪಿನ್ನು, ರಬ್ಬರ್ ಬ್ಯಾಂಡು, ಯಾವ ಬೀಗದ್ದೋ ಒಂದು ಕೀಲಿಕೈ. ಜೀರಿಗೆ ಕೊನೆಗೂ ಸಿಕ್ಕಿತು, ಚೀಟಿಯೇ ಇಲ್ಲದ ಒಂದು ಬಾಟಲಿಯಲ್ಲಿ. ಅಷ್ಟರಲ್ಲಿ ಎಣ್ಣೆ ಹೊಗೆಯಾಡಿ ಸಾಸಿವೆ ಕರಕಲಾಗಿತ್ತು. ನಗಬೇಡಿ. ನಾನು ನಿಮ್ಮ ಅಡುಗೆಮನೆಗೆ ಬಂದು ಡಬ್ಬಿ ತೆರೆದರೆ ಏನೇನು ಹೊರಬೀಳುತ್ತದೆ ಎಂಬುದು ನನಗೆ ಗೊತ್ತು.

ಈ ಗುಣ ನನಗೆ ತವರಿನಿಂದ ಬಂದದ್ದು. ಅಮ್ಮ ಧಾರವಾಡದವಳು. ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಮದ್ರಾಸಿಗೆ ಬಂದವರು ಕ್ರೋಂಪೇಟೆಯಲ್ಲಿ ಬಾಡಿಗೆ ಮನೆ ಹಿಡಿದರು, ಆಮೇಲೆ ಅಲ್ಲಿಂದ ಕದಲಲಿಲ್ಲ. ಗಾಳಿ ತಿರುಗಿದಾಗ ಹತ್ತಿರದ ಕಾರ್ಖಾನೆಯಿಂದ ಚರ್ಮ ಹದ ಮಾಡುವ ವಾಸನೆ ಮನೆಯೊಳಗೆ ನುಗ್ಗುತ್ತಿತ್ತು. ಅಮ್ಮ ಅದರ ಎದುರು ಇಂಗಿನ ಒಗ್ಗರಣೆ ಹಾಕಿ ಕಿಟಕಿ ತೆರೆದಿಡುತ್ತಿದ್ದಳು, ಬೀದಿಯವರಿಗೂ ಉಪಕಾರವಾಗಲಿ ಎಂದು. ಅವಳ ಡಬ್ಬಿಗಳ ಮೇಲೆ ಅಪ್ಪ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದುಕೊಟ್ಟಿದ್ದರು. ಅಮ್ಮ ಆ ಹೆಸರುಗಳನ್ನು ಒಂದು ದಿನವೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾವ ಡಬ್ಬಿ ಖಾಲಿ ಇರುತ್ತದೋ ಅದಕ್ಕೆ ಕೈಗೆ ಬಂದದ್ದನ್ನು ತುಂಬುವಳು. ಕತ್ತಲಲ್ಲಿ ಕೈಹಾಕಿದರೂ ಅವಳಿಗೆ ಬೇಕಾದದ್ದೇ ಸಿಗುತ್ತಿತ್ತು.

ಒಮ್ಮೆ ಅವಳು ಚಿಕ್ಕಮ್ಮನ ಬಾಣಂತನಕ್ಕೆಂದು ಊರಿಗೆ ಹೋದಳು. ಅಪ್ಪ ಧೈರ್ಯ ಮಾಡಿ ಉಪ್ಪಿಟ್ಟಿಗೆ ಇಳಿದರು. ರವೆ ಎಂದು ತಾವೇ ಬರೆದಿದ್ದ ಡಬ್ಬಿಯಿಂದ ಬೇಕಾದಷ್ಟು ತೆಗೆದು ಬಾಣಲೆಗೆ ಹಾಕಿ ಹುರಿದರು. ಎಷ್ಟು ಹುರಿದರೂ ಬಣ್ಣ ತಿರುಗಲಿಲ್ಲ, ಘಮವೂ ಬರಲಿಲ್ಲ. ಒಗ್ಗರಣೆ ಹಾಕಿ ಕುದಿಯುವ ನೀರಿಗೆ ಸುರಿದಾಗ ಅದು ಉಬ್ಬುವ ಬದಲು ತಳಕ್ಕೆ ಹೋಗಿ ಕೂತಿತು. ಅದು ರಂಗೋಲಿ ಪುಡಿ. ಅಪ್ಪ ಸದ್ದಿಲ್ಲದೆ ಅದನ್ನು ಗೇಟಿನ ಹೊರಗೆ ಸುರಿದು ಬಂದರು. ಮರುದಿನ ಎದುರುಮನೆಯ ಮಾಮಿ ಅಲ್ಲೇ ಸ್ವಲ್ಪ ಹೊತ್ತು ನಿಂತು ನೋಡಿ, ಕರಿಬೇವು, ಹಸಿಮೆಣಸು ಹಾಕಿ ರಂಗೋಲಿ ಬಿಡುವುದು ಕರ್ನಾಟಕದಲ್ಲಿ ಯಾವ ಹಬ್ಬಕ್ಕೆ ಎಂದು ನನ್ನನ್ನು ಕೇಳಿದರು. ಅಮ್ಮ ವಾಪಸು ಬಂದದ್ದೇ ಅಪ್ಪ ಡಬ್ಬಿಯನ್ನು ಕೈಯಲ್ಲಿ ಹಿಡಿದು ಜಗಳಕ್ಕೆ ನಿಂತರು. ಅಮ್ಮ ಬ್ಯಾಗು ಕೆಳಗಿಡುತ್ತ ಹೇಳಿದಳು:

"ಡಬ್ಬಿ ಮ್ಯಾಲೆ ಬರದದ್ದು ಯಾಕ ಓದ್ಲಿಕ್ಕೆ ಹೋದ್ರಿ? ಓದ್ಲಿಕ್ಕೆ ಪೇಪರ್ ಬರ್ತದಲ್ಲ."

ಈಗ ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ, ಡಬ್ಬಿಯ ಮೇಲಿನ ಹೆಸರಿಗೂ ಒಳಗಿನ ಮಾಲಿಗೂ ರಾಜಿ ಮಾಡಿಸುವುದು. ಇದೇ ಮದ್ರಾಸಿನ ವಡಪಳನಿಯಲ್ಲಿ ಒಂದು ಹೋಟೆಲು ಕಂಪನಿಯ ಕಚೇರಿ. ಮಾಲೀಕರು ವಾಸುದೇವ ಐತಾಳರು, ಉಡುಪಿಯ ಕಡೆಯವರು. ಊರು ತುಂಬ ಅವರ ಹೋಟೆಲುಗಳಿವೆ. ಎಲ್ಲ ಹೋಟೆಲಿಗೂ ಹಿಟ್ಟು, ಚಟ್ನಿ ಪುಡಿ, ಸಿಹಿ ಹೋಗುವುದು ಈ ಕಟ್ಟಡದ ಕೆಳಗಿನ ದೊಡ್ಡ ಅಡುಗೆಮನೆಯಿಂದ. ಯಾವ ಬ್ರಾಂಚಿಗೆ ಏನು ಎಷ್ಟು ಎಂಬ ಆರ್ಡರು ತೆಗೆದುಕೊಳ್ಳುವುದು ಮೇಲಿನ ಮಹಡಿಯಲ್ಲಿ, ಗಾಜಿನ ಕೋಣೆಯೊಳಗೆ ಕೂತ ಒಂದು ಕಂಪ್ಯೂಟರು. ಅದನ್ನು ನೋಡಿಕೊಳ್ಳುವವಳು ನಾನು.

ಕಂಪ್ಯೂಟರು ಎಂದರೆ ನಿಮ್ಮ ಮೇಜಿನ ಮೇಲಿರುವಂಥದ್ದಲ್ಲ. ಮಿಡ್‌ರೇಂಜ್ ಎಂಬ ಜಾತಿಯದು. ಕಪ್ಪು ಬೀರುವಿನ ಗಾತ್ರ, ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರ. ಮೌಸ್ ಇಲ್ಲ, ಚಿತ್ರವಿಲ್ಲ, ಬೇಡದ ಮಾತಿಲ್ಲ. ವ್ಯಾಪಾರದ ಕೆಲಸವನ್ನು ವರ್ಷಗಟ್ಟಲೆ ತಲೆ ತಗ್ಗಿಸಿ ಮಾಡುತ್ತದೆ. ಅದರ ಹೊಟ್ಟೆಯೊಳಗೆ ಒಂದು ಕ್ಯಾಟಲಾಗ್ ಇರುತ್ತದೆ. ತನ್ನಲ್ಲಿ ಯಾವ ಹೆಸರಿನ ಫೈಲ್ ಇದೆ, ಅದರಲ್ಲಿ ಏನಿದೆ ಎಂದು ಯಂತ್ರ ತನಗಾಗಿಯೇ ಇಟ್ಟುಕೊಂಡ ನೆನಪು ಅದು. ಏನು ಕೇಳಿದರೂ ಮೊದಲು ಅಲ್ಲಿ ನೋಡಿಕೊಂಡು ಆಮೇಲೆ ಮಾತಾಡುತ್ತದೆ. ಈ ವಿಷಯದಲ್ಲಿ ಅದು ನನ್ನ ಅಮ್ಮನ ಹಾಗಲ್ಲ, ಅಪ್ಪನ ಹಾಗೆ.

ಕಳೆದ ನವರಾತ್ರಿಗೆ ಸ್ವಲ್ಪ ಮೊದಲು ದೀಪಾವಳಿಯ ಸಿಹಿ ಆರ್ಡರುಗಳಿಗೆ ಹೊಸ ಫೈಲ್ ಮಾಡಲು ಕೂತೆ. ಪ್ರತಿ ವರ್ಷ ಮಾಡುವುದೇ. ಆ ಹೆಸರಿನ ಫೈಲ್ ಆಗಲೇ ಇದೆ ಎಂದಿತು ಯಂತ್ರ. ಸರಿ, ಹಳೆಯದು ಉಳಿದಿರಬೇಕು, ಅಳಿಸಿಬಿಡು ಎಂದೆ. ಅಂಥ ಫೈಲ್ ಇಲ್ಲ ಎಂದಿತು. ಇಲ್ಲದಿದ್ದರೆ ಹೊಸದು ಮಾಡು ಎಂದೆ. ಇದೆಯಲ್ಲ ಎಂದಿತು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ನಮ್ಮಿಬ್ಬರ ನಡುವೆ ಇದೇ ಸಂಭಾಷಣೆ. ಗಾಜಿನ ಹೊರಗಿಂದ ನೋಡುತ್ತಿದ್ದ ಐತಾಳರು ತಡೆಯಲಾರದೆ ಒಳಗೆ ಬಂದರು.

"ಉಂಟಾ ಇಲ್ವಾ ಮೇಡಂ? ಒಂದು ಹೇಳಿ."

"ಹೆಸರು ಉಂಟು ಸಾರ್. ಫೈಲ್ ಇಲ್ಲ."

"ನಮ್ಮ ಮಾಧವರಂ ಬ್ರಾಂಚಿನ ಮೆನೇಜರ್ ಹಾಗೆ," ಎಂದರು ಐತಾಳರು. ಆ ಮನುಷ್ಯನ ಷರಟು ಸದಾ ಕುರ್ಚಿಯ ಬೆನ್ನಿಗೆ ತೂಗುತ್ತಿರುತ್ತದೆ, ಅವನು ಮಾತ್ರ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಿರುತ್ತಾನೆ.

ಇದು ಹೇಗಾಯಿತು ಎಂದು ಹಿಂದೆ ಹಿಂದೆ ಹುಡುಕುತ್ತ ಹೋದಾಗ ನಾನು ಹೋಗಿ ನಿಂತದ್ದು ಅದರ ಹಿಂದಿನ ವರ್ಷದ ಆಯುಧಪೂಜೆಯ ಎದುರು. ಐತಾಳರ ಮನೆತನದಲ್ಲಿ ಆಯುಧಪೂಜೆ ಎಂದರೆ ತಮಾಷೆಯಲ್ಲ. ಮಂಗಳಾರತಿಯಿಂದ ವಿಜಯದಶಮಿಯ ಬೆಳಗಿನವರೆಗೆ ಯಾವ ಸಲಕರಣೆಯನ್ನೂ ಮುಟ್ಟುವಂತಿಲ್ಲ. ಎಲ್ಲ ಹಿಟ್ಟನ್ನೂ ಮುಂಚೆಯೇ ರುಬ್ಬಿ ಬ್ರಾಂಚುಗಳಿಗೆ ಕಳಿಸಿ ಅಡುಗೆಮನೆ ಮುಚ್ಚುತ್ತಾರೆ. ಗ್ರೈಂಡರು, ಸೌಟು, ಜಾಲರಿ, ಕತ್ತಿ, ತಕ್ಕಡಿ, ಕಚೇರಿಯ ಪೆನ್ನು, ಸ್ಟೇಪ್ಲರ್ ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಬಾಗಿಲಲ್ಲಿ ಬೂದುಕುಂಬಳ ಒಡೆಯುತ್ತಾರೆ. ನಮ್ಮ ಯಂತ್ರಕ್ಕೆ ಚಕ್ರವಿಲ್ಲವಲ್ಲ, ಅದರ ಲೆಕ್ಕದ ನಿಂಬೆಹಣ್ಣನ್ನು ಪ್ರಿಂಟರಿನ ಸ್ಟ್ಯಾಂಡಿನ ಗಾಲಿಗೆ ಇಡುತ್ತಾರೆ. ಕರ್ಪೂರದ ಹೊಗೆಗೆ ಬೆಂಕಿಯ ಅಲಾರಾಂ ಕೂಗಿಕೊಳ್ಳುತ್ತದೆ, ಅದನ್ನೇ ಗಂಟೆ ಎಂದುಕೊಂಡು ಎಲ್ಲರೂ ಕೈಮುಗಿಯುತ್ತಾರೆ. ಬ್ರಾಂಚುಗಳ ಆರ್ಡರು ಹುಡುಕುವುದು ಎರಡೇ ಹೆಸರಿನ ದೀಪಾವಳಿ ಫೈಲ್, ಒಂದು ವರ್ಷ ಒಂದು, ಮರುವರ್ಷ ಇನ್ನೊಂದು. ಆ ವರ್ಷದ್ದನ್ನು ಮಾಡಿಯಾದ ಮೇಲೆ ನಾನು ಅದರ ಹಿಂದಿನ ವರ್ಷದ ಹಳೆಯ ಫೈಲನ್ನು ಅಳಿಸುತ್ತಿದ್ದೆ. ಗ್ರೈಂಡರುಗಳ ಸ್ವಿಚ್ಚನ್ನೆಲ್ಲ ಸ್ವಂತ ಕೈಯಿಂದ ಆರಿಸುತ್ತ ಬಂದ ಐತಾಳರು, ಅದೇ ಭಕ್ತಿಯಿಂದ ನನ್ನ ಯಂತ್ರದ ಸ್ವಿಚ್ಚನ್ನೂ ಆರಿಸಿದರು. ಫೈಲ್ ಹೋಗಿತ್ತು. ಅದರ ಹೆಸರು ಕ್ಯಾಟಲಾಗಿನಿಂದ ಇನ್ನೂ ಹೊರಟಿರಲಿಲ್ಲ.

ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ಕೊಳಲು ಕೇಳಿದ ಮೇಲೆ ಒಬ್ಬ ಸಿಕ್ಕಿದ. ಕ್ಯಾಟಲಾಗನ್ನು ಯಂತ್ರವೇ ಮೊದಲಿಂದ ಕೊನೆವರೆಗೆ ನೋಡಿಕೊಂಡು ಸರಿಮಾಡಿಕೊಳ್ಳುವ ಒಂದು ಆಜ್ಞೆ ಇದೆ, ಅದನ್ನು ಕೊಡಿ ಎಂದ. ಆದರೆ ಅದು ನಡೆಯುವಾಗ ಬೇರೆ ಒಬ್ಬರೂ ಯಂತ್ರವನ್ನು ಬಳಸುವಂತಿಲ್ಲ. ಎಷ್ಟು ಹೊತ್ತು ಬೇಕು ಎಂದು ಕೇಳಿದ್ದಕ್ಕೆ, ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದರೂ ಮುಗಿಯಬಹುದು, ಮರುದಿನ ಬೆಳಿಗ್ಗೆಯಾದರೂ ಆಗಬಹುದು, ಯಂತ್ರದ ಮನಸ್ಸು ಎಂದ. ನಮ್ಮ ಬ್ರಾಂಚುಗಳ ಆರ್ಡರು ಕೋಳಿ ಕೂಗುವ ಮೊದಲೇ ಶುರುವಾಗಿ ಅಂಗಡಿ ಮುಚ್ಚುವವರೆಗೆ ಬರುತ್ತಿರುತ್ತದೆ. ಯಂತ್ರವನ್ನು ಬಿಟ್ಟುಕೊಡುವವರು ಯಾರು?

ಐತಾಳರ ಮಗಳು ಮೇಧಾ ಈಗ ಅರ್ಧ ವ್ಯವಹಾರ ನೋಡಿಕೊಳ್ಳುತ್ತಾಳೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಅಪ್ಪ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ. ಅವಳಿಗೆ ಈ ಕಪ್ಪು ಪೆಟ್ಟಿಗೆಯ ಮೇಲೆ ಮೊದಲಿಂದಲೂ ಕಣ್ಣು. ಎಲ್ಲವನ್ನೂ ಮೊಬೈಲಿನಲ್ಲೇ ನಡೆಸಿಕೊಡುತ್ತೇವೆ ಎನ್ನುವ ಒಂದು ಕಂಪನಿಯವರು ದಿನಾ ಅವಳಿಗೆ ಗುಡ್ ಮಾರ್ನಿಂಗ್ ಕಳಿಸುತ್ತಿದ್ದರು. ಅವಳು ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದಳು:

"ಮೇಡಂ, ತಪ್ಪಾ ಎಡುತ್ತುಕ್ಕಾದೀಂಗ. ವಿಜಯದಶಮಿ ಬೆಳಿಗ್ಗೆ ದೀಪಾವಳಿ ಆರ್ಡರ್ ಓಪನ್ ಆಗ್ಬೇಕು. ಆಗ್ಲಿಲ್ಲಾಂದ್ರೆ ಅವತ್ತೇ ಮೆಷಿನ್ ಕಾಯಲಾಂಗಡಿಗೆ."

ತಪ್ಪು ತಿಳಿಯಬೇಡಿ ಎಂದು ಶುರುವಾದ ಮಾತು ಗುಜರಿ ಅಂಗಡಿಗೆ ಬಂದು ನಿಂತಿತು. ಗುಜರಿಯವನಿಗೆ ಅವತ್ತು ಬಾ ಎಂದು ಹೇಳಿಯೂ ಆಗಿತ್ತಂತೆ, ಒಳ್ಳೆಯ ದಿನ ಎಂದು. ನನಗೆ ವಯಸ್ಸು ಐವತ್ತಾರು. ಈ ಒಂದು ಯಂತ್ರದ ಭಾಷೆ ಬಿಟ್ಟರೆ ಬೇರೆ ಯಾವುದರದೂ ನನಗೆ ಬರುವುದಿಲ್ಲ. ಅದು ಹೋದ ಮೇಲೆ ಗಾಜಿನ ಕೋಣೆಯಲ್ಲಿ ನನಗೇನು ಕೆಲಸ? ಮೇಧಾ ಅದನ್ನು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ದಿನ ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ನಿಜಕ್ಕೂ ಹೆದರಿಕೆಯಾಗಿತ್ತು.

ದಾರಿ ಹೊಳೆದದ್ದೂ ಅದೇ ಬಸ್ಸಿನಲ್ಲಿ. ವರ್ಷದಲ್ಲಿ ಒಂದು ರಾತ್ರಿ ಮಾತ್ರ ಯಾವ ಬ್ರಾಂಚೂ ನಮ್ಮ ಯಂತ್ರವನ್ನು ಮುಟ್ಟುವುದಿಲ್ಲ, ಆಯುಧಪೂಜೆಯ ರಾತ್ರಿ. ಮರುದಿನ ಐತಾಳರ ಎದುರು ಹೋಗಿ, ಈ ಸಲ ಸ್ವಿಚ್ ಆರಿಸಬೇಡಿ, ಆ ರಾತ್ರಿ ಯಂತ್ರವನ್ನು ನನಗೆ ಬಿಡಿ ಎಂದೆ. ಅವರ ಮುಖ ಸಣ್ಣದಾಯಿತು. ಪೂಜೆಗೆ ಕೂತ ಆಯುಧದಿಂದ ಕೆಲಸ ಮಾಡಿಸುವುದೇ? ಭಟ್ಟರನ್ನು ಕೇಳದೆ ಅವರು ಒಂದು ಮಾತೂ ಆಡಲು ಒಪ್ಪಲಿಲ್ಲ.

ಪುರೋಹಿತರಾದ ಭಟ್ಟರು ಬಂದರು, ಗಾಜಿನ ಕೋಣೆಯಲ್ಲಿ ಒಂದು ಸುತ್ತು ಹಾಕಿದರು, ಏಸಿ ಚೆನ್ನಾಗಿದೆ ಎಂದು ಅಲ್ಲೇ ಕೂತರು. ಆಮೇಲೆ ನನ್ನ ವಿಚಾರಣೆ ಆರಂಭವಾಯಿತು. ಈ ಕ್ರಿಯೆಯಿಂದ ಯಾರಿಗಾದರೂ ಇಡ್ಲಿ ಹೋಗುತ್ತದೆಯೇ? ಇಲ್ಲ. ಬಿಲ್ ಆಗುತ್ತದೆಯೇ? ಇಲ್ಲ. ಹಾಗಾದರೆ ಯಂತ್ರ ಅಷ್ಟು ಹೊತ್ತು ಏನು ಮಾಡುತ್ತದೆ? ತನ್ನೊಳಗಿನ ಸುಳ್ಳು ಹೆಸರುಗಳನ್ನು ತೆಗೆದುಹಾಕಿಕೊಂಡು ಚೊಕ್ಕಟವಾಗುತ್ತದೆ ಎಂದೆ. ಭಟ್ಟರು ಕಣ್ಣು ಮುಚ್ಚಿ ಯೋಚಿಸಿದರು.

"ಅದು ಕೆಲಸ ಅಲ್ಲ ಐತಾಳ್ರೇ. ಸ್ನಾನ. ಸ್ನಾನಕ್ಕೆ ಅಡ್ಡಿ ಇಲ್ಲ. ಆದ್ರೆ ಮಂಗಳಾರತಿ ಆದ ಮೇಲೆ ಯಾರೂ ಕೈ ಹಚ್ಚಬಾರದು."

ಆಜ್ಞೆ ಕೊಟ್ಟು ಬಿಟ್ಟರೆ ಆಮೇಲೆ ಕೈ ಹಚ್ಚುವ ಅಗತ್ಯವೇ ಇಲ್ಲ ಎಂದು ನಾನು ಮಾತು ಕೊಟ್ಟೆ. ಸಹಾಯವಾಣಿಯವನು ನನಗೆ ಹಾಗೆಯೇ ಹೇಳಿದ್ದ.

ಆಯುಧಪೂಜೆಯ ಸಂಜೆ ಯಂತ್ರಕ್ಕೆ ಮಲ್ಲಿಗೆಯ ಹಾರ, ಪರದೆಯ ಮೂಲೆಗೆ ಗಂಧ. ಬ್ರಾಂಚುಗಳನ್ನೆಲ್ಲ ಯಂತ್ರದಿಂದ ಹೊರಗೆ ಕಳಿಸಿ ನಾನು ಆಜ್ಞೆ ಕೊಟ್ಟೆ. ಹಿಂದೆಯೇ ಭಟ್ಟರು ಆರತಿ ಎತ್ತಿದರು. ಹಸಿರು ಸಾಲುಗಳು ಚಕಚಕ ಮೇಲೆ ಓಡಿದವು. ನಾವೆಲ್ಲ ಕೈಯಲ್ಲಿ ಪ್ರಸಾದದ ಕಡಲೆ ಸುಂಡಲ್ ಹಿಡಿದು ಯಂತ್ರದ ಸ್ನಾನ ನೋಡುತ್ತ ನಿಂತೆವು. ಇನ್ನೂ ಕಡಲೆ ಮುಗಿದಿರಲಿಲ್ಲ, ಸಾಲುಗಳು ನಿಂತವು. ಹಾಳಾದ ಒಂದು ಹೆಸರು ಸಿಕ್ಕಿದೆ, ಮುಂದುವರಿಸಲು ಜಿ ಒತ್ತಿ, ಕೈಬಿಡಲು ಸಿ ಒತ್ತಿ ಎಂದು ಯಂತ್ರ ಕೇಳಿತು.

ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಭಟ್ಟರು ಮತ್ತು ಐತಾಳರು ಒಟ್ಟಿಗೆ ಬೇಡ ಎಂದರು.

ಒಂದೇ ಕೀ ಅಲ್ಲವೇ ಎಂದಳು ಮೇಧಾ. ಒಂದಾದರೇನು, ಕೈ ಕೈಯೇ ಎಂದರು ಭಟ್ಟರು. ಕೈಯಿಂದ ಬೇಡ, ಪೆನ್ಸಿಲಿನಿಂದ ಒತ್ತೋಣ ಎಂದು ನಾನು ಸೂಚಿಸಿದೆ. ಪೆನ್ಸಿಲು ಪೂಜೆಯಲ್ಲಿತ್ತು. ಚಮಚವೂ ಪೂಜೆಯಲ್ಲಿತ್ತು. ಸುತ್ತ ನೋಡಿದರೆ ಆ ಕಟ್ಟಡದಲ್ಲಿ ಒಂದು ಕೀ ಒತ್ತಬಲ್ಲ ವಸ್ತುಗಳೆಲ್ಲ ಕುಂಕುಮ ಇಟ್ಟುಕೊಂಡು ವಿಶ್ರಾಂತಿಯಲ್ಲಿದ್ದವು. ಮೂಗಿನಿಂದ ಒತ್ತಿದರೆ ಎಂದು ಮೇಧಾ ಕೇಳಿದ್ದು ಕುಚೋದ್ಯಕ್ಕೆ. ಐತಾಳರು ಅದನ್ನು ಗಂಭೀರವಾಗಿ ತೆಗೆದುಕೊಂಡು ಭಟ್ಟರ ಮುಖ ನೋಡಿದರು. ಮೂಗು ಆಯುಧವಲ್ಲ ನಿಜ, ಆದರೆ ಒತ್ತುವ ಉದ್ದೇಶ ಕೆಲಸದ್ದೇ ಎಂದು ಭಟ್ಟರು ತೀರ್ಪು ಕೊಟ್ಟರು. ಅಷ್ಟರಲ್ಲಿ ನಾನು ಕನ್ನಡಕ ತೆಗೆದಿಟ್ಟು ಸಿದ್ಧಳಾಗಿದ್ದೆ, ಅದನ್ನು ಯಾರೂ ಗಮನಿಸದಿದ್ದದ್ದು ನನ್ನ ಪುಣ್ಯ. ಯಂತ್ರ ಅರ್ಧ ಸ್ನಾನದಲ್ಲಿ ಹಾಗೇ ನಿಂತಿತು. ಎಲ್ಲರೂ ಮನೆಗೆ ಹೋದೆವು.

ವಿಜಯದಶಮಿಯ ಬೆಳಿಗ್ಗೆ ನಾನು ಬಂದಾಗ ಇನ್ನೊಂದು ಗಂಟು ಬಿದ್ದಿತ್ತು. ಅವತ್ತು ಮೇಧಾಳ ಮಗಳು ಧೃತಿಯ ಅಕ್ಷರಾಭ್ಯಾಸ. ಮೂರು ವರ್ಷದ ಮಗು, ರೇಷ್ಮೆ ಲಂಗ ಉಟ್ಟು ತಾತನ ತೊಡೆಯ ಮೇಲೆ ಕೂತಿತ್ತು. ಎದುರಿಗೆ ತಟ್ಟೆಯಲ್ಲಿ ಅಕ್ಕಿ. ಐತಾಳರ ಮನೆಯ ಪದ್ಧತಿಯ ಪ್ರಕಾರ ವಿಜಯದಶಮಿಯ ಮೊದಲ ಕೆಲಸ ವಿದ್ಯೆಯದು. ಮಗು ಮೊದಲ ಅಕ್ಷರ ಬರೆಯಬೇಕು, ಆಮೇಲೆಯೇ ಉಳಿದ ಆಯುಧಗಳಿಗೆ ಅಪ್ಪಣೆ. ಮಗು ಮುಷ್ಟಿ ಬಿಗಿಹಿಡಿದಿತ್ತು. ಓಂ ಬರಿ ಪುಟ್ಟಾ ಎಂದು ತಾತ ಎಷ್ಟು ರಮಿಸಿದರೂ "ಮಾಟ್ಟೇನ್" ಎಂದು ಒಂದೇ ತಮಿಳಿನ ಉತ್ತರ. ಬರೆಯುವುದಿಲ್ಲ.

ಮಗು ಬರೆಯದೆ ಗ್ರೈಂಡರು ತಿರುಗುವಂತಿಲ್ಲ, ನಾನು ಜಿ ಒತ್ತುವಂತಿಲ್ಲ. ಬ್ರಾಂಚುಗಳಿಂದ ಒಂದರ ಹಿಂದೊಂದು ಫೋನು, ಹಿಟ್ಟು ಮುಗಿಯಿತು ಎಂದು. ರಾಹುಕಾಲ ಬರುತ್ತಿದೆ ಎಂದು ಭಟ್ಟರು ಗಡಿಯಾರ ನೋಡಿದರು. ಗೇಟಿನ ಹತ್ತಿರ ಗುಜರಿಯವನ ವ್ಯಾನು ಬಂದು ನಿಂತು ಹಾರ್ನ್ ಹೊಡೆಯಿತು. ಇಷ್ಟು ದೊಡ್ಡ ವ್ಯಾಪಾರವೂ ನನ್ನ ಅನ್ನವೂ ಒಂದು ಪುಟ್ಟ ಮುಷ್ಟಿಯೊಳಗೆ ಇದ್ದವು.

ಹಾರ್ನಿಗೆ ಎಲ್ಲರೂ ಆ ಕಡೆ ತಿರುಗಿದ್ದೇ ತಡ, ಧೃತಿ ತಾತನ ತೊಡೆಯಿಂದ ಜಾರಿ ಓಡಿದಳು. ಎಲ್ಲಿ ಎಂದು ಹುಡುಕಿದರೆ ಗಾಜಿನ ಕೋಣೆಯಲ್ಲಿ ನನ್ನ ಕುರ್ಚಿ ಹತ್ತಿ ನಿಂತಿದ್ದಾಳೆ. ಪರದೆಯಲ್ಲಿ ಮಿನುಗುತ್ತಿದ್ದ ಹಸಿರು ಚುಕ್ಕೆಯನ್ನೇ ನೋಡುತ್ತಿದ್ದಾಳೆ. ಮುಷ್ಟಿ ಬಿಚ್ಚಿತ್ತು, ತೋರುಬೆರಳು ಕೀಬೋರ್ಡಿನ ಕಡೆಗೆ ಹೊರಟಿತ್ತು. ಅವಳ ಬೆರಳು ಸಿ ಮೇಲೆ ಬಿದ್ದರೆ ಎಲ್ಲ ಮುಗಿದಂತೆ. ನಾನು ಓಡಿಹೋಗಿ ಆ ಕೈಯನ್ನು ಹಿಡಿದುಕೊಂಡೆ.

ಬಾಗಿಲಲ್ಲಿ ನಿಂತ ಐತಾಳರು ಭಟ್ಟರನ್ನು ಮೆಲ್ಲಗೆ ಕೇಳಿದರು, ಅಲ್ಲಿ ಒತ್ತಿದರೂ ಅಕ್ಷರವೇ ತಾನೇ? ಭಟ್ಟರು ಮತ್ತೊಮ್ಮೆ ಗಡಿಯಾರ ನೋಡಿದರು. ಯಾವ ಊರಿನದಾದರೂ ಅಕ್ಷರ ಅಕ್ಷರವೇ, ಗುರುಗಳು ಕೈ ಹಿಡಿದು ಬರೆಸಿದರಾಯಿತು ಎಂದರು. ಗುರುಗಳು ಯಾರು ಎಂದು ಎಲ್ಲರೂ ಅತ್ತಿತ್ತ ನೋಡಿದರು. ಮೇಧಾ ಅಕ್ಕಿಯ ತಟ್ಟೆಯನ್ನು ತಂದು ನನ್ನ ಪಕ್ಕದಲ್ಲಿಟ್ಟಳು. ನನ್ನೊಡನೆ ಅವಳು ಪೂರ್ತಿ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

"ಮೇಡಂ, ನೀವೇ ಕಲಿಸಿ."

ನಾನು ಮಗುವಿನ ಬೆರಳನ್ನು ಹಿಡಿದು, ಮೊದಲು ಅಕ್ಕಿಗೆ ಒಮ್ಮೆ ಮುಟ್ಟಿಸಿ, ಜಿ ಮೇಲೆ ಇಟ್ಟು ಒತ್ತಿಸಿದೆ. ಪರದೆಯ ಮೇಲೆ ಅಕ್ಷರ ಮೂಡಿತು. ಧೃತಿ ತಿರುಗಿ ನನ್ನ ಮುಖ ನೋಡಿದಳು.

"ಇನ್ನೊರು ವಾಟಿ?"

ಇನ್ನೊಂದು ಸಲ ಬೇಕಂತೆ. ಬೇಕು ಪುಟ್ಟಾ ಎಂದು ಅವಳ ಬೆರಳನ್ನು ಎಂಟರ್ ಕೀ ಕಡೆಗೆ ಕರೆದುಕೊಂಡು ಹೋದೆ. ನಿಂತಿದ್ದ ಸಾಲುಗಳು ಓಡತೊಡಗಿದವು, ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು ಎಂಬ ಸಂದೇಶ ಬಂತು. ದೀಪಾವಳಿಯ ಫೈಲ್ ಮಾಡು ಎಂದೆ. ಯಂತ್ರ ತಕರಾರಿಲ್ಲದೆ ಮಾಡಿತು. ಕೆಳಗೆ ಗ್ರೈಂಡರುಗಳು ತಿರುಗುವ ಸದ್ದು ಕೇಳಿಸಿತು. ಮೇಧಾ ಮಗುವಿನಿಂದ ನನಗೆ ನಮಸ್ಕಾರ ಮಾಡಿಸಿ, ತಾನೂ ಬಗ್ಗಿದಳು. ಕೈಗೆ ಅಕ್ಷತೆ ಕೊಟ್ಟರು. ಆಶೀರ್ವಾದಕ್ಕೆ ಏನು ಹೇಳಬೇಕೋ ತೋಚದೆ, ಒಳ್ಳೆಯದಾಗಲಿ, ದಿನಾ ಬ್ಯಾಕಪ್ ತೆಗೆದುಕೊಳ್ಳಿ ಎಂದುಬಿಟ್ಟೆ. ಕಣ್ಣು ತುಂಬಿ ಬಂದಿತ್ತು, ಕರ್ಪೂರದ ಹೊಗೆ ಎಂದು ಹೇಳಲು ಆ ಹೊತ್ತಿಗೆ ಕರ್ಪೂರವೂ ಇರಲಿಲ್ಲ.

ಉಳಿದದ್ದು ಗುಜರಿಯವನು. ಒಳ್ಳೆಯ ದಿನ ಕರೆಸಿದವನನ್ನು ಬರಿಗೈಯಲ್ಲಿ ಕಳಿಸಬಾರದು ಎಂದರು ಐತಾಳರು. ಕೋಣೆಯನ್ನೆಲ್ಲ ನೋಡಿದರು, ಯಂತ್ರದ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಕೊನೆಗೆ ಮಗು ಹತ್ತಿ ನಿಂತಾಗ ಅಲ್ಲಾಡಿದ್ದ ನನ್ನ ಹಳೆಯ ಕುರ್ಚಿಯನ್ನು ತೋರಿಸಿ, ಇದನ್ನು ಒಯ್ಯಿ, ಮೇಡಮ್ಮಿಗೆ ಹೊಸದು ತರಿಸುತ್ತೇವೆ ಎಂದರು. ಅವನು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದ. ಹೊಸ ಕುರ್ಚಿ ಆ ದಿನ ಬರಲಿಲ್ಲ. ದೀಪಾವಳಿಯ ಆರ್ಡರುಗಳು ಬರುತ್ತಲೇ ಇದ್ದವು, ನಾನು ಸಂಜೆಯವರೆಗೆ ಯಂತ್ರದ ಎದುರು ನಿಂತುಕೊಂಡೇ ಕೆಲಸ ಮಾಡಿದೆ. ಕಾಲು ಬಹಳ ನೋಯಿತು. ಮನೆಗೆ ಹೋಗು ಎಂದು ಮಾತ್ರ ಯಾರೂ ಹೇಳಲಿಲ್ಲ.